ಸುತ್ತು ಒಂದು, ಸದ್ದು ಮೂರು

ಎಂ-ತ್ರೀ ಬಗ್ಗೆ ಹಾಸ್ಟೆಲಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿರೋ ಜ್ಞಾನ ಒಂದೇ ವಾಕ್ಯದ್ದು: "ಐದು ಮಾಡ್ಯೂಲಲ್ಲಿ ಮೂರು ಗಟ್ಟಿ ಮಾಡ್ಕೊಳ್ರೋ, ಉಳಿದಿದ್ದು ದೇವರಿಗೆ ಬಿಡಿ." ಇದನ್ನ ಹೇಳುವಾಗ ಸೀನಿಯರ್‌ಗಳ ಮುಖದಲ್ಲಿ ಯುದ್ಧ ಮುಗಿಸಿ ಬಂದವರ ಕಳೆ ಇರುತ್ತೆ. ವಿಟಿಯು ಪ್ರಶ್ನೆಪತ್ರಿಕೆಯ ಲೆಕ್ಕ ಎಲ್ಲರಿಗೂ ಗೊತ್ತು, ಮಾಡ್ಯೂಲಿಗೆ ಎರಡು ಪ್ರಶ್ನೆ, ಒಂದನ್ನ ಬರೆದರೆ ಸಾಕು. ಹಾಗಾಗಿ ನಾವೂ ಲೈಬ್ರರಿಯಿಂದ ಗ್ರೇವಾಲ್ ತಂದು, ಅದರ ತೂಕ ನೋಡಿ ಮೇಜಿನ ಮೇಲಿಟ್ಟು, ಹಳೇ ಪ್ರಶ್ನೆಪತ್ರಿಕೆಗಳ ಪಿಡಿಎಫ್ ಓದ್ತೀವಿ. ಇದನ್ನ ನಾವು ಬೈಯೋದಕ್ಕೆ ಹೊರಟಿಲ್ಲ. ಪಾಸಂತೂ ಆಗಲೇಬೇಕು.

ಆದರೆ ಫೂರಿಯರ್ ಸೀರೀಸ್ ಲೆಕ್ಕ ಮಾಡುವಾಗ ಒಂದು ವಿಚಿತ್ರ ಆಗುತ್ತೆ, ನೀವೂ ಗಮನಿಸಿರಬಹುದು. ಎ ನಾಟ್, ಎ ಎನ್, ಬಿ ಎನ್ ಮೂರಕ್ಕೂ ಸೂತ್ರ ಬರೀತೀವಿ. ಬರ್ನೂಲಿ ರೂಲ್ ಹಾಕಿ ಇಂಟಿಗ್ರೇಟ್ ಮಾಡ್ತೀವಿ. ಕಾಸ್ ಎನ್ ಪೈ ಕಂಡ ಕಡೆಯಲ್ಲೆಲ್ಲ ಮೈನಸ್ ಒಂದರ ಘಾತ ಎನ್ ಅಂತ ತುಂಬ್ತೀವಿ. ಸೈನ್ ಎನ್ ಪೈ ಸೊನ್ನೆ. ಕೊನೆಗೆ ಉದ್ದನೆಯ ಉತ್ತರ ಬರುತ್ತೆ, ಅದರ ಸುತ್ತ ಚೌಕ ಹಾಕ್ತೀವಿ. ಏನು ಮಾಡಿದ್ವಿ ಅಂತ ಯಾರಾದ್ರೂ ಕೇಳಿದ್ರೆ "ಎಕ್ಸ್ ಸ್ಕ್ವೇರನ್ನ ಎಕ್ಸ್‌ಪ್ಯಾಂಡ್ ಮಾಡಿದ್ವಿ" ಅನ್ನೋದಷ್ಟೇ ಉತ್ತರ. ಯಾರೂ ಕೇಳೋದಿಲ್ಲ, ಅದು ಬೇರೆ ಮಾತು.

ನಮ್ಮನ್ನ ಕೇಳಿದವನು ಒಬ್ಬನೇ. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯವನು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ, ಆಮೇಲೆ ಒಂದು ವರ್ಷ ದುರ್ಗದ ಗುಡ್ಡದ ಮೇಲೆ ಫ್ಯಾನುಗಳ ಮೇಂಟೆನೆನ್ಸ್ ಕೆಲಸ. ಫ್ಯಾನು ಅಂದ್ರೆ ವಿಂಡ್‌ಮಿಲ್ಲು. ನಮ್ಮ ಕಡೆ ಹಾಗೇ ಕರೆಯೋದು. ಅಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಮೂರನೇ ಸೆಮ್‌ಗೆ ಬಂದ. ನಾವು ಎರಡು ಸೆಮಿಸ್ಟರ್ ಗಣಿತ ನುಂಗಿ ಬಂದಿದ್ವಿ, ಅವನು ಬಾಗಿಲು ತೆಗೆದ ಕೂಡಲೇ ಇಂಟಿಗ್ರಲ್ ಮುಂದೆ ನಿಂತಿದ್ದ. ಕ್ಲಾಸಲ್ಲಿ ಇಂಗ್ಲಿಷು ಓಡುತ್ತೆ, ಇವನು ಬೋರ್ಡನ್ನ ಹಾಗೇ ನಕಲು ಮಾಡ್ತಾನೆ. ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಬಂದ ಸಂಜೆ ಬ್ಯಾಗ್ ಝಿಪ್ ಎಳೀತಾ ಅಂದ, "ಕೆಲಸ ಇನ್ನೂ ಖಾಲಿ ಇದೆಯಂತೆ ಕಣ್ರಪ್ಪ. ತಂಗಿ ಪಿಯುಸಿ. ನಾನಿಲ್ಲಿ ಕೂತು ಎನ್ ಪೈ ಬರ್ಕೊಂಡು ಏನ್ಮಾಡ್ಲಿ?"

ಸಮಾಧಾನದ ಮಾತು ನಮಗೆ ಯಾರಿಗೂ ಬರಲ್ಲ. ಜೋಗಿಮಟ್ಟಿ ರಸ್ತೆ ಕಡೆ ನಡೆದು ಬರೋಣ ಅಂತ ಎಳ್ಕೊಂಡು ಹೋದ್ವಿ. ದೂರದ ಸಾಲಲ್ಲಿ ಫ್ಯಾನುಗಳು ತಿರುಗ್ತಿದ್ವು. ನಮಗೆ ಅವು ಚಿತ್ರದುರ್ಗ ಬಂತು ಅಂತ ಬಸ್ಸಲ್ಲಿ ಎಚ್ಚರಿಸೋ ಗುರುತು, ಅಷ್ಟೇ. ಅವನಿಗೆ ಹಾಗಲ್ಲ. "ಬುಡದಲ್ಲಿ ನಿಂತ್ರೆ ಗೊತ್ತಾಗುತ್ತೆ. ಸುತ್ತು ಒಂದು, ಸದ್ದು ಮೂರು. ಹೂಶ್, ಹೂಶ್, ಹೂಶ್. ಒಂದೊಂದು ರೆಕ್ಕೆ ಕಂಬದ ಮುಂದೆ ಹಾಯುವಾಗ ಒಂದೊಂದು." ಕಂಬದ ಎದುರಿಗೆ ಗಾಳಿ ಸ್ವಲ್ಪ ತಡೆಯುತ್ತೆ, ಅಲ್ಲಿಗೆ ಬಂದ ರೆಕ್ಕೆಗೆ ಆ ಕ್ಷಣ ತಳ್ಳು ಕಮ್ಮಿ, ದಾಟಿದ ಮೇಲೆ ಮತ್ತೆ ಜಾಸ್ತಿ. ಹಾಗಾಗಿ ಇಡೀ ಕಂಬಕ್ಕೆ ಸುತ್ತಿಗೆ ಮೂರು ಸಲ ಸಣ್ಣ ಏಟು. ಮೂರು ರೆಕ್ಕೆಯ ತೂಕದಲ್ಲಿ ಹೆಚ್ಚುಕಮ್ಮಿ ಆಗಿದ್ರೆ ಸುತ್ತಿಗೆ ಒಂದೇ ಸಲ ಬರೋ ಇನ್ನೊಂದು ಓಲಾಟ ಸೇರ್ಕೊಳ್ಳುತ್ತೆ. ಫ್ಯಾನು ನಿಲ್ಲಿಸಿ ಮೇಲೆ ಹತ್ತಿದ ಮೇಲೂ, ಬರೀ ಗಾಳಿಗೇ ಕಂಬ ಓಲಾಡೋದು ಕಾಲಿಗೆ ಗೊತ್ತಾಗುತ್ತಂತೆ. ಮೊದಲ ದಿನ ವಾಂತಿ ಬಂದಂಗಾಯ್ತು ಅಂದ.

ನಮ್ಮಲ್ಲಿ ಎಲೆಕ್ಟ್ರಾನಿಕ್ಸ್‌ನವಳು ಒಬ್ಬಳು ರಸ್ತೆ ಮಧ್ಯೆ ನಿಂತುಬಿಟ್ಟಳು. "ಲೇ, ನೀನು ಹೇಳ್ತಿರೋದೇ ಫೂರಿಯರ್ ಸೀರೀಸ್ ಅಲ್ವೇನೋ!"

ಅಲ್ಲೇ ಮೋರಿ ಕಟ್ಟೆ ಮೇಲೆ ಕೂತು ಮೊಬೈಲ್ ಟಾರ್ಚಲ್ಲಿ ಲೆಕ್ಕ ಮಾಡಿದ್ವಿ. ಫ್ಯಾನು ನಿಮಿಷಕ್ಕೆ 15 ಸುತ್ತು ಅಂತ ಇಟ್ಕೊಳ್ಳಿ. ಸೆಕೆಂಡಿಗೆ ಕಾಲು ಸುತ್ತು, ಅಂದ್ರೆ 0.25 ಹರ್ಟ್ಸ್. ಅದು ಎನ್ ಒಂದು. ಮೂರು ಸದ್ದಿನದು 0.75 ಹರ್ಟ್ಸ್, ಎನ್ ಮೂರು. ಕಂಬದ ಅಲುಗಾಟವನ್ನ ಸೆನ್ಸರ್‌ನಲ್ಲಿ ಹಿಡಿದು ಗ್ರಾಫ್ ಹಾಕಿದ್ರೆ ಸೊಟ್ಟಪಟ್ಟ ಗೆರೆ. ಆ ಗೆರೆಯೊಳಗೆ ಎನ್ ಒಂದು ಎಷ್ಟಿದೆ, ಎನ್ ಮೂರು ಎಷ್ಟಿದೆ ಅಂತ ಬಿಡಿಸಿ ಹೇಳೋದೇ ಎ ಎನ್, ಬಿ ಎನ್. ಎನ್ ಒಂದರ ಪಾಲು ದಿನೇ ದಿನೇ ಜಾಸ್ತಿ ಆಗ್ತಿದ್ರೆ ರೆಕ್ಕೆ ನೋಡಬೇಕು. ಕಂಬಕ್ಕೂ ತನ್ನದೇ ಒಂದು ಓಲಾಟದ ಲಯ ಇರುತ್ತೆ, ಅದು ಈ 0.25ರ ಹತ್ತಿರವೋ 0.75ರ ಹತ್ತಿರವೋ ಬಂದ್ರೆ ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳಿದಂಗೆ ಓಲಾಟ ಬೆಳೆಯುತ್ತೆ. ಕಂಬ ಡಿಸೈನ್ ಮಾಡೋರು ಈ ಎರಡು ಸಂಖ್ಯೆಯಿಂದ ದೂರ ಇಡೋದು ಅದಕ್ಕೇ.

ಇಷ್ಟಾದ್ಮೇಲೆ ಇವನ ಪ್ರಶ್ನೆ: "ಸರಿ, ಬಿಡಿಸೋದು ಹೆಂಗೆ? ಕಾಸ್ ಎನ್ ಎಕ್ಸ್‌ನಿಂದ ಯಾಕೆ ಗುಣಿಸ್ತೀರಿ?" ನಮ್ಮ ಇಂಗ್ಲಿಷ್ ಮೀಡಿಯಂ ಬಾಯಿಗೆ ಬಂದ ಪದ "ಆರ್ಥೊಗೊನಾಲಿಟಿ". ಅದನ್ನ ಹೇಳಿ ಸುಮ್ಮನಾದ್ವಿ, ಯಾಕಂದ್ರೆ ಮುಂದೆ ಕನ್ನಡದಲ್ಲಿ ಹೇಳೋಕೆ ಏನಾದ್ರೂ ಅರ್ಥ ಆಗಿರಬೇಕಲ್ಲ! ಚಳ್ಳಕೆರೆಯವನು ಶೇಂಗಾ ಜರಡಿ ತಂದ. ಮೂರರ ಜರಡಿ ಹಿಡಿದ್ರೆ, ಅಂದ್ರೆ ಕಾಸ್ ಮೂರು ಎಕ್ಸ್‌ನಿಂದ ಗುಣಿಸಿ ಒಂದು ಪೂರ್ತಿ ಸುತ್ತು ಇಂಟಿಗ್ರೇಟ್ ಮಾಡಿದ್ರೆ, ಉಳಿದ ಎಲ್ಲದರ ಪ್ಲಸ್ಸು ಮೈನಸ್ಸು ಹೊಡೆದು ಹೋಗಿ ಮೂರರದು ಮಾತ್ರ ಉಳಿಯುತ್ತೆ. ಜರಡಿ ಉಪಮೆ ಪೂರ್ತಿ ಸರಿಯಲ್ಲ, ಜರಡಿಯಲ್ಲಿ ಸಣ್ಣದೆಲ್ಲ ಕೆಳಗೆ ಬೀಳುತ್ತೆ, ಇಲ್ಲಿ ಸಣ್ಣದು ದೊಡ್ಡದು ಎರಡೂ ಮಾಯ. ಅದನ್ನೇ ಹಿಡ್ಕೊಂಡು ಅರ್ಧ ಗಂಟೆ ಜಗಳ ಆಡಿದ್ವಿ. ಆ ಜಗಳದಲ್ಲೇ ವಿಷಯ ತಲೆಗೆ ಹೋಯ್ತು ಅನ್ಸುತ್ತೆ. ಅಂದಹಾಗೆ ಫೂರಿಯರ್ 1807ರಲ್ಲಿ ಇದನ್ನ ಮುಂದಿಟ್ಟಾಗ ಲಗ್ರಾಂಜ್‌ನಂಥ ಲಗ್ರಾಂಜೇ ಒಪ್ಪಲಿಲ್ಲ. ಪುಸ್ತಕ ಹೊರಬಂದದ್ದು 1822ರಲ್ಲಿ. ಅವನಿಗೇ ಹದಿನೈದು ವರ್ಷ ಹಿಡೀತು. ನಮಗೆ ಕೊಟ್ಟಿರೋದು ಒಂದು ಮಾಡ್ಯೂಲಿಗೆ ಎರಡು ವಾರ.

ಆಮೇಲೆ ಅದು ಅಭ್ಯಾಸ ಆಯ್ತು. ನಾವು ಸೂತ್ರ ಹೇಳ್ತೀವಿ, ಇವನು "ಅಂದ್ರೆ?" ಅಂತಾನೆ. ಆ ಒಂದು "ಅಂದ್ರೆ" ದಾಟೋಕೆ ನಮ್ಮ ಇಂಗ್ಲಿಷ್ ಸಾಲಲ್ಲ, ಮನೇಲಿ ಅಮ್ಮನ ಹತ್ರ ಮಾತಾಡೋ ಕನ್ನಡಕ್ಕೇ ಇಳೀಬೇಕು. ಬದಲಿಗೆ ಅವನಿಂದ ನಮಗೆ ಪದಗಳು ಸಿಕ್ಕವು. ವರ್ಗಮೂಲ, ಬಹುಪದೋಕ್ತಿ, ಶ್ರೇಢಿ, ಸಂಭವನೀಯತೆ. ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಇವೆಲ್ಲ ಇವೆ, ನಮಗೆ ಒಂದೂ ಗೊತ್ತಿರಲಿಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರಗಣಿತ ಬರೆದಿದ್ದ ಅಂತ ಗೊತ್ತಾದಾಗ ಮಾತ್ರ ಸ್ವಲ್ಪ ನಾಚಿಕೆ ಆಯ್ತು. ಅವನಿಗೂ ಹಿಂದೆ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಸಂಸ್ಕೃತದಲ್ಲಿ ಬರೆದಿಟ್ಟಿದ್ದಾರೆ. ಎಲೆಕ್ಟ್ರಾನಿಕ್ಸ್‌ನವರು ಅಲ್ಲಿ ಜೆ ಅಂತ ಹಾಕಿ ಮುಂದೆ ಹೋಗ್ತಾರೆ, ಆಚಾರ್ಯರು ಕ್ಷಮಿಸಲಿ.

ಕಂಪ್ಯೂಟರ್ ಸೈನ್ಸ್‌ನವರ ಪೇಪರಲ್ಲಿ ಫೂರಿಯರ್ ಇಲ್ಲ, ಪ್ರಾಬಬಿಲಿಟಿ ಇದೆ. ಅಲ್ಲಿ ನಮಗೆ ಪಾಠ ಹೇಳಿದ್ದು ಮಾರಿಕಣಿವೆ. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು, ತುಂಬಿದ ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಲ್ಲಿ, 89 ವರ್ಷದ ಮೇಲೆ. ಜನ ಜಾತ್ರೆಗೆ ಹೋದಂಗೆ ನೋಡೋಕೆ ಹೋದ್ರು. ನಾವು ಪಾಯ್ಸಾನ್ ಹಿಡ್ಕೊಂಡು ಕೂತ್ವಿ. ಸುಮಾರು 116 ವರ್ಷದಲ್ಲಿ ಎರಡು ಸಲ, ಹಾಗಾದ್ರೆ ಮುಂದಿನ ಮೂರು ವರ್ಷದಲ್ಲಿ ಒಮ್ಮೆಯಾದ್ರೂ ಕೋಡಿ ಬೀಳೋ ಸಂಭವ ನೂರಕ್ಕೆ ಐದರಷ್ಟು. ಲೆಕ್ಕ ಸರಿಯಾಗಿತ್ತು. ಆದರೆ 2025ರ ಜನವರಿಯಲ್ಲೇ ಕೋಡಿ ಬಿದ್ದಾಗಿದೆ!

ಹಿರಿಯೂರಿನ ಗೆಳೆಯ ಈ ಲೆಕ್ಕ ತಗೊಂಡು ಹೋಗಿ ಅವರ ಅಜ್ಜನ ಮುಂದೆ ಇಟ್ಟ. ಅವರು ನಕ್ಕು, "ಭದ್ರಾ ನೀರು ಬರ್ತೈತಲ್ಲಪ್ಪ ಈಗ. ಆವತ್ತಿನ ಕೆರೆನೇ ಬೇರೆ, ಇವತ್ತಿನ ಕೆರೆನೇ ಬೇರೆ" ಅಂದ್ರಂತೆ. ಭದ್ರೆಯಿಂದ ಎತ್ತಿದ ನೀರು ವೇದಾವತಿಗೆ ಸೇರ್ಕೊಂಡು ಇಲ್ಲಿಗೆ ಬರೋಕೆ ಶುರುವಾದ ಮೇಲೆ ಹಳೇ ವರ್ಷಗಳ ಸರಾಸರಿ ಹೊಸ ವರ್ಷಕ್ಕೆ ಹೊಂದಲ್ಲ. ಲ್ಯಾಂಬ್ಡಾ ಬದಲಾಗಬಾರದು ಅನ್ನೋ ಷರತ್ತು ನಮ್ಮ ನೋಟ್ಸಲ್ಲಿ ಇತ್ತು, ಅದಕ್ಕೆ ಮಾರ್ಕ್ಸ್ ಇಲ್ಲ ಅಂತ ಯಾರೂ ಓದಿರಲ್ಲ. ಅಜ್ಜ ಅದನ್ನ ಪಾಯ್ಸಾನ್ ಹೆಸರೇ ಕೇಳದೆ ಹೇಳಿದ್ರು.

ಇದರಿಂದ ಪರೀಕ್ಷೆ ಸುಲಭ ಆಯ್ತಾ ಅಂತ ಕೇಳಿದ್ರೆ, ಇಲ್ಲ. ಮೂರು ಗಂಟೆಯಲ್ಲಿ ಕೈ ಓಡಬೇಕು, ಅದಕ್ಕೆ ಹಳೇ ಪ್ರಶ್ನೆಪತ್ರಿಕೆಯೇ ಗತಿ. ಫ್ಯಾನು, ಜರಡಿ, ಕೋಡಿ ಬರೆದ್ರೆ ಯಾರೂ ಮಾರ್ಕ್ಸ್ ಕೊಡಲ್ಲ. ಬೆಳಗಿನ ಜಾವ ಎದ್ದು ಸ್ಟೆಪ್ಸ್ ಬರೆದಿದ್ದು ಬರೆದಿದ್ದೇ. ಅವನೂ ಬರೆದ. ಹಾಲ್‌ನಿಂದ ಹೊರಗೆ ಬಂದಾಗ ನಾಲ್ಕು ಮಾಡ್ಯೂಲ್ ಪೂರ್ತಿ, ಐದನೆಯದು ಅರ್ಧ ಅಂದ.

ರಿಸಲ್ಟ್ ಇನ್ನೂ ಬಂದಿಲ್ಲ. ಫ್ಯಾನಿನವರಿಂದ ಅವನಿಗೆ ಎರಡು ಸಲ ಫೋನ್ ಬಂದಿದೆ. ಎರಡು ಸಲವೂ "ರಿಸಲ್ಟ್ ಬರ್ಲಿ ಸರ್, ಆಮೇಲೆ ಹೇಳ್ತೀನಿ" ಅಂದಿದ್ದಾನೆ, ಬೇಡ ಅಂತಲೂ ಅಂದಿಲ್ಲ. ಈ ನಡುವೆ ನಾಲ್ಕನೇ ಸೆಮ್ ಶುರುವಾಗಿದೆ. ಮಂಗಳವಾರ, ಶುಕ್ರವಾರ ಊಟ ಆದ್ಮೇಲೆ ನಮ್ಮ ರೂಮಲ್ಲಿ ಕೂರ್ತೀವಿ, ಬಾಗಿಲ ಹಿಂಬದಿಯೇ ಬೋರ್ಡು. ಬರೋರು ಚಾಕ್‌ಪೀಸ್ ತರಬೇಕು, ನಮ್ಮದು ಖಾಲಿಯಾಗಿದೆ.