ಅಗಲ ರಸ್ತೆ ಕೇಳಿದವರು

ಬೆಂಗಳೂರಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತು ಅಂತ ಈಗ ಎಲ್ಲರೂ ನಿಟ್ಟುಸಿರುಬಿಟ್ಟು ಹೇಳುತ್ತಾರೆ. ನಮ್ಮಜ್ಜಿ ನಿಟ್ಟುಸಿರು ಬಿಡುತ್ತಿರಲಿಲ್ಲ. "ನೀರಿಲ್ಲದ ಕೆರೆ ಇದ್ದೇನು ಬಂತು, ಬಸ್ಸಾದರೂ ನಿಲ್ಲಲಿ" ಅನ್ನುತ್ತಿದ್ದಳು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿದ್ದಕ್ಕೂ ನಮ್ಮನೆಯಲ್ಲಿ ಯಾರೂ ಮರುಗಿದ್ದು ನೆನಪಿಲ್ಲ.

1968ರಲ್ಲಿ ನಾವು ಚಾಮರಾಜಪೇಟೆಯ ವಠಾರ ಬಿಟ್ಟು ಜಯನಗರಕ್ಕೆ ಬಂದೆವು. ಆಗಿನ್ನೂ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹುಟ್ಟಿರಲಿಲ್ಲ, ಅದು 1976ರ ಕೂಸು. ಅಪ್ಪನಿಗೆ ಸೈಟು ಕೊಟ್ಟಿದ್ದು ಅದಕ್ಕೂ ಹಿಂದಿನ ನಗರ ಸುಧಾರಣಾ ಮಂಡಳಿ, ಸಿಐಟಿಬಿ. ಹಂಡೆ, ಒಳಕಲ್ಲು, ಅಕ್ಕಿಯ ಗುಡಾಣ ಎಲ್ಲವೂ ಎತ್ತಿನ ಗಾಡಿಯಲ್ಲಿ ಬಂದವು. "ಆ ಕಾಡಿಗೆ ಹೆಣ್ಣುಮಕ್ಕಳನ್ನು ಕರಕೊಂಡು ಹೋಗ್ತೀಯೇನೋ?" ಅಂತ ದೊಡ್ಡಮ್ಮ ಅಪ್ಪನನ್ನು ಗದರಿದರು. ಬೀದಿಯ ಕೊನೆಗೆ ಅವರೆ ಹೊಲವಿತ್ತು. ಸಂಕ್ರಾಂತಿ ಹತ್ತಿರವಾದರೆ ಸೊಗಡಿನ ವಾಸನೆ ಹಜಾರದವರೆಗೂ ಬರುತ್ತಿತ್ತು.

ಬಾಗಿಲಿಗೆ ಸೊಪ್ಪು ತರುತ್ತಿದ್ದ ಮುದುಕ ಒಂದು ದಿನ ಜಗಲಿಯ ಮೇಲೆ ಕೂತು, "ನಿಮ್ಮ ಬಚ್ಚಲಿದೆಯಲ್ಲ ತಾಯಿ, ಅಲ್ಲೇ ನಮ್ಮ ಕಪಿಲೆ ಬಾವಿ ಇದ್ದುದು" ಅಂದ. ಅಮ್ಮ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಐದು ಪೈಸೆಯ ದಂಟಿನ ಸೊಪ್ಪಿನ ಕಟ್ಟನ್ನು ನಾಲ್ಕಕ್ಕೆ ಕೇಳಿದಳು. ಅವನೂ ಕೊಟ್ಟ.

ಕೆಂಪು ಬಿಟಿಎಸ್ ಬಸ್ಸು ನಮ್ಮ ಬಡಾವಣೆಗೆ ಮನಸ್ಸು ಬಂದಾಗ ಬರುತ್ತಿತ್ತು. 'ಬಿಟ್ರೆ ತಿರ್ಗಾ ಸಿಗೋಲ್ಲ' ಅಂತ ಊರೇ ಅದಕ್ಕೆ ಹೆಸರಿಟ್ಟಿತ್ತು. ಡಬಲ್ ಡೆಕ್ಕರ್ ಸಿಕ್ಕಿದರೆ ಮೇಲಿನ ಮುಂದಿನ ಸೀಟಿಗಾಗಿ ತಮ್ಮನೂ ನಾನೂ ಗುದ್ದಾಡುತ್ತಿದ್ದೆವು. ಮಾವಳ್ಳಿ ದಾಟುವಾಗ ಮರದ ಕೊಂಬೆ ಕಿಟಕಿಗೆ ಬಡಿಯುವ ಸದ್ದಿಗೆ ಕಾದು ಕೂರುತ್ತಿದ್ದೆವು. ಬಸ್ಸು ಬಾರದ ದಿನ ಗಂಟೆಗೆ 25 ಪೈಸೆ ಬಾಡಿಗೆಯ ಸೈಕಲ್ಲೇ ಗತಿ. ರಾತ್ರಿ ದೀಪವಿಲ್ಲದೆ ಡಬಲ್ಸ್ ಹೋಗಿ ಸಿಕ್ಕಿಬಿದ್ದರೆ ಪೇದೆ ಚಕ್ರದ ಗಾಳಿ ತೆಗೆದು ಕಳಿಸುತ್ತಿದ್ದ. ಸೈಕಲ್ ತಳ್ಳಿಕೊಂಡು ಮನೆಗೆ ಬರುವಷ್ಟರಲ್ಲಿ ಬಾಡಿಗೆ ಇನ್ನೊಂದು ಗಂಟೆ ಏರಿರುತ್ತಿತ್ತು.

ಬ್ಯಾಂಕಿನ ಕೆಲಸ ಸಿಕ್ಕ ಮೇಲೆ ನಾನು ಬಡಾವಣೆಯ ಸಂಘದ ಕಾರ್ಯದರ್ಶಿಯಾದೆ. ರಸ್ತೆ ಅಗಲವಾಗಲಿ ಅಂತ ಮನವಿಯ ಮೇಲೆ ಮನವಿ ಬರೆದೆ. ಓಡಿಸಲು ನನ್ನಲ್ಲಿದ್ದುದು ಒಂದು ಲ್ಯಾಂಬ್ರೆಟ್ಟಾ, ಅದೂ ಭಾವನದು. ಆದರೂ 'ಆಧುನಿಕ ನಗರದ ವಾಹನ ದಟ್ಟಣೆ' ಅಂತ ಮೂರು ಪುಟ ತುಂಬಿಸಿದ್ದೆ. ನಗರ ಯೋಜನೆಯ ನಿಯಮಗಳಲ್ಲಿ ಕಟ್ಟಡದ ಎತ್ತರಕ್ಕೂ ಮುಂದಿನ ರಸ್ತೆಯ ಅಗಲಕ್ಕೂ ನಂಟಿದೆ, ರಸ್ತೆ ಅಗಲವಾದಷ್ಟೂ ಹೆಚ್ಚು ಮಹಡಿ. ಅದನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

2007ರಲ್ಲಿ ಹೊಸ ಮಾಸ್ಟರ್ ಪ್ಲಾನ್ ಜಾರಿಗೆ ಬಂತು. ವಾಸದ ಬೀದಿಗಳಲ್ಲಿ ಅಂಗಡಿ, ಕಚೇರಿಗಳಿಗೂ ಅದು ದಾರಿ ಮಾಡಿತು. ಎದುರು ಮನೆ ದರ್ಶಿನಿಯಾಯಿತು. ಬೆಳಗಿನ ಐದಕ್ಕೇ ಸಾಂಬಾರಿನ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು. ಸಂಘ ಸಭೆ ಕರೆದು, ವಾಣಿಜ್ಯ ಬಳಕೆಗೆ ಧಿಕ್ಕಾರ ಕೂಗಿತು. ಸಭೆ ನಡೆದದ್ದು ಖಜಾಂಚಿಯ ಮನೆಯಲ್ಲಿ. ಅವರ ಕಾರ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ದರ್ಜಿ ಅಂಗಡಿಯಿತ್ತು. ಎರಡನೇ ಸುತ್ತಿನ ಕಾಫಿ ಬಂದಿದ್ದೂ ಆ ದರ್ಶಿನಿಯಿಂದಲೇ.

2009ರಲ್ಲಿ ಮೆಟ್ರೋಗಾಗಿ ನಂದಾ ರಸ್ತೆಯ ಮರ ಕಡಿಯುವಾಗ ಜಯನಗರ ಬೀದಿಗಿಳಿಯಿತು. ನಾನೂ ಒಂದು ಬೆಳಗ್ಗೆ ಹೋಗಿ ನಿಂತೆ. ಗರಗಸದ ಸದ್ದಿಗಿಂತ ಹಸಿ ಮರದ ವಾಸನೆ ಹೆಚ್ಚು ಕಾಡಿತು. 2017ರ ಜೂನ್‌ನಲ್ಲಿ ಅದೇ ಹಾದಿಯಲ್ಲಿ ರೈಲು ಓಡಿತು. ಮೊದಲ ವಾರವೇ ಹತ್ತಿದೆ, ಮಂಡಿನೋವಿನವನಿಗೆ ಅದಕ್ಕಿಂತ ಸುಖವಿಲ್ಲ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಎಲ್ಲರಿಗಿಂತ ಜೋರಾಗಿ ಗೊಣಗಿದವನೂ ನಾನೇ.

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆ ಬೇಡವೆಂದು 2016ರ ಅಕ್ಟೋಬರ್‌ನಲ್ಲಿ ಜನ ಮಾನವ ಸರಪಳಿ ಕಟ್ಟಿದರು. ಮೊಮ್ಮಗಳೂ ಹೋಗಿದ್ದಳು. ಮರುವರ್ಷ ಸರ್ಕಾರ ಅದನ್ನು ಕೈಬಿಟ್ಟಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗದ ಜಗಳ. ಮೇಲೆ ಬೇಡವೆಂದರೆ ಕೆಳಗೆ! ಎರಡರಲ್ಲೂ ಲೆಕ್ಕಕ್ಕೆ ಬರುವುದು ಕಾರು. ನನ್ನನ್ನು ಕೇಳಿದರೆ, ಈ ಊರಿಗೆ ಮೊದಲು ಬೇಕಾದದ್ದು ಬಿಟ್ಟರೂ ತಿರುಗಿ ಸಿಗುವ ಬಸ್ಸು. ಅದಕ್ಕಾಗಿ ನಮ್ಮ ಸಂಘದಿಂದ ಇದುವರೆಗೆ ಒಂದು ಮನವಿಯೂ ಹೋಗಿಲ್ಲ.

2031ರ ಮಾಸ್ಟರ್ ಪ್ಲಾನಿನ ಕರಡು 2017ರಲ್ಲಿ ಬಂದು 2020ರಲ್ಲಿ ವಾಪಸಾಯಿತು. ಮುಂದೆ ಇನ್ನೊಂದು ಕರಡು ಬಂದೇ ಬರುತ್ತದೆ. ಆಕ್ಷೇಪಣೆಗೆ ಕಾನೂನಿನಲ್ಲಿ 60 ದಿನ ಕೊಟ್ಟಿದ್ದಾರೆ. ನಕ್ಷೆಯಲ್ಲಿ ಹಳದಿ ಅಂದರೆ ವಾಸ, ನೀಲಿ ಅಂದರೆ ವ್ಯಾಪಾರ. ಯಾವ ಮನವಿಗಾದರೂ ಸಹಿ ಹಾಕುವ ಮೊದಲು ನಿಮ್ಮ ಬೀದಿಯ ಬಣ್ಣವನ್ನೂ ಅಗಲವನ್ನೂ ಒಮ್ಮೆ ನೋಡಿಕೊಳ್ಳಿ.