ಬಸಂತ್ ಬಿದ್ದ ಕಥೆ

ಭದ್ರಾವತಿಯಲ್ಲಿ ಫಿಟ್ಟರ್ ಕೆಲಸ ಕಲಿತು, ಎಳೆ ವಯಸ್ಸಿನಲ್ಲೇ ಔಷಧಿ ಹೊಡೆಯುವ ವಿಮಾನದ ಹಿಂದೆ ಊರೂರು ಸುತ್ತಿದ ಹಿರಿಯರೊಬ್ಬರು ನಮ್ಮ ಬಂಧುಗಳಲ್ಲಿದ್ದರು. ಕೊಯ್ಲಿಗೆ ಶಿವಮೊಗ್ಗದ ಹತ್ತಿರದ ನಮ್ಮ ತೋಟಕ್ಕೆ ಬಂದರೆ, ರಾತ್ರಿ ಅಡಿಕೆ ಬೇಯುವ ಹಂಡೆಯ ಒಲೆಗೆ ಸೌದೆ ತಳ್ಳುತ್ತಾ ಮಾತು ತೆಗೆಯುತ್ತಿದ್ದರು. ಹುಡುಗರಾದ ನಾವು ಕೇಳುತ್ತಿದ್ದದ್ದು ಒಂದೇ, ಬಸಂತ್ ಬಿದ್ದ ಕಥೆ.

ಬಸಂತ್ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕೃಷಿ ವಿಮಾನ. ತಿದ್ದಿದ ವಿನ್ಯಾಸದಲ್ಲಿ 1972ರ ಮಾರ್ಚ್‌ನಲ್ಲಿ ಮೊದಲು ಹಾರಿತು. ಒಬ್ಬನೇ ಪೈಲಟ್, 400 ಅಶ್ವಶಕ್ತಿಯ ಒಂದೇ ಎಂಜಿನ್, ಎರಡರ ನಡುವೆ ಔಷಧಿಯ ತೊಟ್ಟಿ. ‘ನಮ್ಮ ತೋಟಕ್ಕೆ ಯಾಕೆ ತರಲಿಲ್ಲ?’ ಎಂದು ನಾವು ಕೇಳಿದರೆ ನಗುತ್ತಿದ್ದರು. ‘ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಗೊನೆಗೇ ತಾಗಬೇಕು ಮಾರಾಯ. ಮೇಲಿಂದ ಸುರಿದರೆ ಸೋಗೆ ನೆನೆಯುತ್ತೆ ಅಷ್ಟೆ. ಅದಕ್ಕೆ ಮರ ಹತ್ತುವವನೇ ಬೇಕು.’

ಅಪಘಾತ ನಡೆದದ್ದು ಬಯಲುಸೀಮೆಯ ಹತ್ತಿ ಹೊಲಗಳ ನಡುವೆ. ರನ್‌ವೇ ಅಂದರೆ ಮುಳ್ಳುಕಂಟಿ ಕಡಿದು ರೋಲರ್ ಎಳೆದ ಎರೆನೆಲ. ಹಿಂದಿನ ಸಂಜೆ ಮಳೆ ಬಿದ್ದಿತ್ತು. ಬೆಳಕು ಹರಿಯುವ ಮುಂಚೆ ಯಾರೋ ದೂರದ ತುದಿಯಲ್ಲಿ ಅಡ್ಡಲಾಗಿ ಗಾಡಿ ಹೊಡೆದುಕೊಂಡು ಹೋಗಿದ್ದರು. ವಿಮಾನ ಏರಿದ್ದು ಈ ತುದಿಯಿಂದ. ಅಲ್ಲಿಯವರೆಗೆ ಓಡುವ ಮೊದಲೇ ನೆಲ ಬಿಟ್ಟಿತು. ಆಮೇಲೆ ಗಾಳಿ ತಿರುಗಿತು. ಇಳಿಯುವುದು ಆ ಕಡೆಯಿಂದಲೇ ಆಯಿತು.

ಎಡಗಾಲಿ ಗಾಡಿಜಾಡಿಗೆ ಸಿಕ್ಕಿತು. ಇಂಥ ವಿಮಾನಕ್ಕೆ ಮೂರನೆಯ ಗಾಲಿ ಬಾಲದಡಿ ಇರುತ್ತದೆ, ಭಾರ ಮುಂದಿನ ಎರಡು ಗಾಲಿಗಳಿಗಿಂತ ಹಿಂದೆ. ಒಂದು ಗಾಲಿ ತಡೆದರೆ ಹಿಂದಿನ ಭಾರ ಮುಂದಕ್ಕೆ ನುಗ್ಗಿ, ಬಾಲ ಗಿರ್ರನೆ ಸುತ್ತಿಬಿಡುತ್ತದೆ. ಹಾಗೇ ಆಯಿತು. ಗಾಲಿಯ ಕಾಲು ಮುರಿಯಿತು, ರೆಕ್ಕೆಯ ತುದಿ ಮಣ್ಣು ಉತ್ತಿತು, ಪ್ರೊಪೆಲ್ಲರ್ ನೆಲಕ್ಕೆ ಬಡಿದು ಬಾಗಿತು. ನಮ್ಮ ಹಿರಿಯರು ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಓಡುವಷ್ಟರಲ್ಲಿ ಪೈಲಟ್ ಸ್ವಿಚ್ ಆರಿಸಿ, ಪೆಟ್ರೋಲ್ ಮುಚ್ಚಿ, ತಾನೇ ಕೆಳಗಿಳಿದಿದ್ದ. ಬೆಲ್ಟ್ ಎಳೆದಲ್ಲಿ ಭುಜ ಕಂದಿತ್ತು, ಅಷ್ಟೇ. ಮೂಗು ನೆಲಕ್ಕೆ ಹೊಡೆದರೂ ಪೆಟ್ಟು ಮೊದಲು ಎಂಜಿನ್ನಿಗೆ, ಆಮೇಲೆ ತೊಟ್ಟಿಗೆ ಬೀಳಲಿ ಎಂದೇ ಪೈಲಟ್‌ನನ್ನು ಅಷ್ಟು ಹಿಂದೆ, ಅಷ್ಟು ಎತ್ತರಕ್ಕೆ ಕೂರಿಸಿದ್ದರು. ಆ ವಿನ್ಯಾಸ ಮಾಡಿದವರನ್ನು ಅವರು ಕೈಮುಗಿದೇ ನೆನೆಯುತ್ತಿದ್ದರು.

ಪೈಲಟ್‌ನ ತಪ್ಪು ಎಂದು ಅವರು ಯಾವತ್ತೂ ಅನ್ನಲಿಲ್ಲ. ಗಾಡಿಯವನನ್ನೂ ಬೈಯಲಿಲ್ಲ, ಹೊಲಕ್ಕೆ ಹೋಗುವ ದಾರಿ ಅವನದು. ಬೆಳಿಗ್ಗೆ ಯಾರಾದರೂ ರನ್‌ವೇಯನ್ನು ತುದಿಯಿಂದ ತುದಿಗೆ ನಡೆದು ನೋಡಬೇಕಿತ್ತು ಎಂಬುದಷ್ಟೇ ಅವರ ಮಾತು. ಮುಂದೆ ಯಾವ ಊರಿಗೆ ಹೋದರೂ ಆ ಕೆಲಸ ಅವರೇ ಮಾಡಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ನಡಿಗೆಯಿಂದ.

ಬಸಂತ್ ತಯಾರಾದದ್ದು 39 ಮಾತ್ರ, 1980ಕ್ಕೆ ನಿಂತುಹೋಯಿತು. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ 3,200 ಮೀಟರ್ ರನ್‌ವೇಯ ಕುವೆಂಪು ವಿಮಾನ ನಿಲ್ದಾಣ ತೆರೆಯುವ ಹೊತ್ತಿಗೆ ಅವರಿರಲಿಲ್ಲ. ಬಸಂತ್ ವಿಮಾನಗಳಿಗೆ ಔಷಧಿ ತುಂಬಿದ, ಗಾಲಿ ತೊಳೆದ, ನೆಲ ಸವರಿದ ಕೈಗಳ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಕೂರಿಸಿ ಮಾತಾಡಿಸಿ, ಬರೆದಿಡಿ.