ಎರಡು ಡಾಲರ್ ರಸೀದಿ

(1/7)
ತಲೆಗೆ 2 ಡಾಲರ್ ಕಂದಾಯ. ಅದನ್ನ ನನ್ನ ಅಂಗಡೀಲೇ ಕೊಡಿ, ನಾನೇ ತಗೊಂಡ್ ಹೋಗಿ ಕಟ್ತೀನಿ ಅಂತ ಒಬ್ಬ ರೈತ ರೇಡಿಯೋದಲ್ಲಿ ಹೇಳಿದ್ರು. ಅವತ್ತು ರಾತ್ರೀನೇ ಅವರ ಮನೆಗೆ ಬೆಂಕಿ ಬಿತ್ತು. ಬೆಂಕಿ ಹಾಕಿಸಿದವನಿಗೆ ಶಿಕ್ಷೆ ಆಗೋಕೆ 32 ವರ್ಷ ಬೇಕಾಯ್ತು.

ಈ ಸಲದ ಸರಣಿ ಇದೇ. ಒಟ್ಟು 7 ಪೋಸ್ಟ್, ಒಂದೊಂದೂ ಉದ್ದ. ಈಗ ಟೈಮ್ ಇಲ್ಲಾಂದ್ರೆ ಸೇವ್ ಮಾಡ್ಕೊಂಡು ಬಸ್ಸಲ್ಲಿ ಕೂತಾಗ ಓದಿ.

ಊರು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹ್ಯಾಟಿಸ್‌ಬರ್ಗ್. ಅದರ ಹೊರಗೆ ಕೆಲ್ಲಿ ಸೆಟಲ್‌ಮೆಂಟ್ ಅನ್ನೋ ಹಳ್ಳಿ. ಅಲ್ಲಿದ್ದವರು ವರ್ನನ್ ಡೇಮರ್, ಕಪ್ಪು ಜನಾಂಗದವರು, ವಯಸ್ಸು 57. ಸ್ವಂತ ಜಮೀನು, ಒಂದು ಸಾಮಿಲ್, ಒಂದು ದಿನಸಿ ಅಂಗಡಿ. ಆ ಕಾಲದಲ್ಲಿ ಅಲ್ಲಿ ಕಪ್ಪು ಜನ ಓಟಿನ ಪಟ್ಟಿಗೆ ಹೆಸರು ಸೇರಿಸೋಕೆ ಹೋದ್ರೆ ಮಾರನೇ ದಿನ ಕೆಲಸ ಹೋಗ್ತಿತ್ತು, ಬಾಡಿಗೆ ಮನೆ ಹೋಗ್ತಿತ್ತು. ಡೇಮರ್ ಯಾರ ಸಂಬಳಕ್ಕೂ ಕೈ ಚಾಚಿದವರಲ್ಲ. ಅದಕ್ಕೇ ಅವರು ಮಾತಾಡೋಕೆ ಸಾಧ್ಯ ಆಯ್ತು. ಅದಕ್ಕೇ ಅವರನ್ನ ಕಂಡ್ರೆ ಕೆಲವರಿಗೆ ಅಷ್ಟು ಸಿಟ್ಟು.

ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ನಾವೆಲ್ಲ ಓದಿರ್ತೀವಿ. ಡೇಮರ್ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ, ಕಮೆಂಟಲ್ಲಿ ಹೇಳಿ.

(2/7)
ಮೊದಲು ಲೆಕ್ಕ. ಬಿಕಾಂ ಓದೋರ ಪೇಜ್ ಇದು, ಲೆಕ್ಕ ಬಿಟ್ಟು ಮುಂದೆ ಹೋಗಲ್ಲ 🙂

ಮಿಸಿಸಿಪ್ಪಿಯಲ್ಲಿ ಓಟು ಹಾಕ್ಬೇಕು ಅಂದ್ರೆ ತಲೆಗಂದಾಯ ಕಟ್ಟಬೇಕಿತ್ತು. ವರ್ಷಕ್ಕೆ 2 ಡಾಲರ್. ಅಷ್ಟೇನಾ ಅನ್ನಬೇಡಿ, ಕರಾಮತ್ತು ಇರೋದು ನಿಯಮದಲ್ಲಿ. ಈ ವರ್ಷ ಓಟು ಹಾಕೋಕೆ ಹಿಂದಿನ 2 ವರ್ಷದ ಕಂದಾಯ ಫೆಬ್ರವರಿ 1ರೊಳಗೆ ಕಟ್ಟಿ ಮುಗಿಸಿರ್ಬೇಕು. ಕಟ್ಟಿದ್ದಕ್ಕೆ ಪುರಾವೆ ತೋರಿಸ್ಬೇಕು. ಅಂದ್ರೆ ಯಾರು ನಿಂತಿದ್ದಾರೆ ಅಂತ ಗೊತ್ತಾಗೋ ಮೊದಲೇ ದುಡ್ಡು ಕೊಟ್ಟು, ಆ ಚೀಟಿಯನ್ನ ತಿಂಗಳುಗಟ್ಟಲೆ ಜೋಪಾನ ಮಾಡ್ಬೇಕು. ಕೂಲಿ ಮಾಡೋ ಮನೇಲಿ ಇದು ಆಗೋ ಮಾತಾ?

ಇನ್ನೊಂದು ತೊಡಕು. ಕಂದಾಯ ವಸೂಲಿ ಮಾಡ್ತಿದ್ದವರು ಶೆರೀಫ್, ಅಂದ್ರೆ ಅಲ್ಲಿನ ಪೊಲೀಸ್ ಮುಖ್ಯಸ್ಥರು. ಓಟಿಗೆ ದುಡ್ಡು ಕಟ್ಟೋಕೆ ಪೊಲೀಸರ ಬಾಗಿಲಿಗೇ ಹೋಗ್ಬೇಕು! ಅದನ್ನೂ ದಾಟಿದವರಿಗೆ ಪರೀಕ್ಷೆ ಬೇರೆ. ರಾಜ್ಯದ ಸಂವಿಧಾನದ 285 ಸೆಕ್ಷನ್‌ಗಳಲ್ಲಿ ಗುಮಾಸ್ತ ಯಾವುದನ್ನ ತೋರಿಸ್ತಾನೋ ಅದನ್ನ ಬರೆದು ಅರ್ಥ ವಿವರಿಸ್ಬೇಕು. ಸರಿನೋ ತಪ್ಪೋ ಅಂತ ಹೇಳೋನೂ ಅವನೇ. ಡೇಮರ್ ಇದ್ದ ಫಾರೆಸ್ಟ್ ಕೌಂಟಿಯಲ್ಲಿ ಸಾವಿರಾರು ಕಪ್ಪು ಜನರಿದ್ರೂ 1960ರ ಹೊತ್ತಿಗೆ ಪಟ್ಟಿಯಲ್ಲಿದ್ದವರು ಬೆರಳೆಣಿಕೆ ಅಷ್ಟೇ.

1964ರ ಸಂವಿಧಾನ ತಿದ್ದುಪಡಿ ಈ ಕಂದಾಯವನ್ನ ತೆಗೆದುಹಾಕಿತು, ಆದ್ರೆ ಕೇಂದ್ರದ ಚುನಾವಣೆಗೆ ಮಾತ್ರ. 1965ರ ಆಗಸ್ಟಲ್ಲಿ ಮತದಾನ ಹಕ್ಕು ಕಾಯ್ದೆ ಬಂದು ಪರೀಕ್ಷೆಯ ಕಾಟ ತಪ್ಪಿತು. ರಾಜ್ಯದ ಚುನಾವಣೆಗೆ ತಲೆಗಂದಾಯ ಹಾಗೇ ಉಳೀತು. ನಾನು 18 ತುಂಬಿದಾಗ ಫಾರಂ 6 ತುಂಬಿ ಕೊಟ್ಟೆ, ಒಂದು ರೂಪಾಯಿ ಖರ್ಚಾಗ್ಲಿಲ್ಲ. ಇವರ ಕಥೆ ಓದೋವರೆಗೂ ಅದು ಒಂದು ವಿಷಯ ಅಂತ ಯಾರೂ ನನಗೆ ಹೇಳಿರ್ಲಿಲ್ಲ.

(3/7)
1966, ಜನವರಿ 9. ಗಡುವಿಗೆ ಇನ್ನು ಮೂರೇ ವಾರ. ಡೇಮರ್ ರೇಡಿಯೋದಲ್ಲಿ ಹೇಳಿಸಿದ್ರು: ಶೆರೀಫ್ ಹತ್ರ ಹೋಗೋಕೆ ಆಗದವರು ನನ್ನ ಅಂಗಡಿಗೆ ಬನ್ನಿ, ನಾನು ಕಟ್ಟಿ ಬರ್ತೀನಿ. ದುಡ್ಡಿಲ್ಲದವರಿಗೆ ನಾನೇ ಹಾಕ್ತೀನಿ.

ಜನವರಿ 10ರ ಬೆಳಗಿನ ಜಾವ ಸುಮಾರು 2 ಗಂಟೆಗೆ ಎರಡು ಕಾರು ಬಂದವು. ಕೂ ಕ್ಲಕ್ಸ್ ಕ್ಲಾನ್‌ನವರು, ಕೈಯಲ್ಲಿ ಪೆಟ್ರೋಲ್ ತುಂಬಿದ ಜಗ್ಗು ಮತ್ತು ಬಂದೂಕು. ಮನೆಗೂ ಅಂಗಡಿಗೂ ಬೆಂಕಿ. ಬೆದರಿಕೆ ಜಾಸ್ತಿ ಇದ್ದ ದಿನಗಳಲ್ಲಿ ಗಂಡ ಹೆಂಡತಿ ಸರದಿ ಮೇಲೆ ಎಚ್ಚರ ಇದ್ದು ಮನೆ ಕಾಯ್ತಿದ್ರಂತೆ.

ಡೇಮರ್ ಬಂದೂಕು ಹಿಡಿದು ಮುಂಬಾಗಿಲ ಕಡೆ ನಿಂತ್ರು. ಅವರು ಗುಂಡು ಹಾರಿಸ್ತಾ ಇದ್ದಷ್ಟು ಹೊತ್ತಲ್ಲಿ ಹೆಂಡತಿ ಎಲ್ಲಿ ಡೇಮರ್ ಮಕ್ಕಳನ್ನ ಕರ್ಕೊಂಡು ಹಿಂದಿನಿಂದ ಹೊರಗೆ ಬಂದ್ರು. 10 ವರ್ಷದ ಮಗಳಿಗೆ ಸುಟ್ಟ ಗಾಯ. ಬೆಂಕಿಯ ಬಿಸಿ ಗಾಳಿ ಎಳ್ಕೊಂಡು ಡೇಮರ್ ಶ್ವಾಸಕೋಶ ಬೆಂದು ಹೋಗಿತ್ತು. ಅದೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ್ರು.

ಒಂದು ಫೋಟೋ ಇದೆ, ಹುಡುಕಿ ನೋಡಿ. ಡೇಮರ್‌ರ ನಾಲ್ಕು ಜನ ಗಂಡುಮಕ್ಕಳು ಸುಟ್ಟು ಬೂದಿಯಾದ ಮನೆ ಹತ್ರ ನಿಂತಿದ್ದಾರೆ. ನಾಲ್ವರ ಮೈಮೇಲೂ ಅಮೆರಿಕ ಸೇನೆಯ ಸಮವಸ್ತ್ರ. ದೇಶ ಕಾಯೋಕೆ ಹೋದವರ ಮನೆಯನ್ನ ಆ ದೇಶದವರೇ ಸುಟ್ಟಿದ್ರು.

ಎರಡೂವರೆ ತಿಂಗಳಾದ್ಮೇಲೆ, ಮಾರ್ಚಲ್ಲಿ, ರಾಜ್ಯದ ಚುನಾವಣೆಗೂ ತಲೆಗಂದಾಯ ಹಾಕೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಡೇಮರ್ ಹೆಸರಿನ ಮತದಾರರ ಕಾರ್ಡೂ ಅಂಚೆಯಲ್ಲಿ ಬಂತು. ತಗೊಳ್ಳೋಕೆ ಅವರಿರ್ಲಿಲ್ಲ.

(4/7)
ಯಾರು ಮಾಡಿದ್ದು ಅನ್ನೋದು ಗುಟ್ಟಾಗೇನೂ ಇರ್ಲಿಲ್ಲ. ಈ ಕೇಸಲ್ಲಿ ನನಗೆ ಜಾಸ್ತಿ ಚುಚ್ಚೋದು ಅದೇ.

ಬಂದಿದ್ದವರು ಕತ್ತಲಲ್ಲಿ ಗಾಬರಿಯಾಗಿ ತಮ್ಮದೇ ಕಾರಿನ ಟೈರಿಗೆ ಗುಂಡು ಹೊಡ್ಕೊಂಡಿದ್ರು. ಬಿಲ್ಲಿ ರಾಯ್ ಪಿಟ್ಸ್ ಅನ್ನೋನು ತನ್ನ ಪಿಸ್ತೂಲನ್ನ ಅಲ್ಲೇ ಬೀಳಿಸಿ ಹೋಗಿದ್ದ. ಎಫ್‌ಬಿಐ ಬಂತು, ಒಂದು ಡಜನ್‌ಗೂ ಹೆಚ್ಚು ಜನರ ಮೇಲೆ ಕೇಸಾಯ್ತು. ಪಿಟ್ಸ್ ತಪ್ಪೊಪ್ಪಿಕೊಂಡು ಸಾಕ್ಷಿ ಹೇಳಿದ. ಕೆಲವರಿಗೆ ಜೀವಾವಧಿ ಶಿಕ್ಷೆಯೂ ಆಯ್ತು. ಆದ್ರೆ 10 ವರ್ಷಕ್ಕಿಂತ ಹೆಚ್ಚು ಯಾರೂ ಒಳಗಿರ್ಲಿಲ್ಲ.

ಆಜ್ಞೆ ಕೊಟ್ಟವನು ಸ್ಯಾಮ್ ಬವರ್ಸ್, ಮಿಸಿಸಿಪ್ಪಿಯ ವೈಟ್ ನೈಟ್ಸ್ ಅನ್ನೋ ಕ್ಲಾನ್ ಗುಂಪಿನ ಮುಖ್ಯಸ್ಥ. 1960ರ ದಶಕದ ಕೊನೆಯಲ್ಲಿ ಅವನನ್ನ 4 ಸಲ ಕಟಕಟೆಗೆ ತಂದ್ರು. ನಾಲ್ಕು ಸಲವೂ ಜ್ಯೂರಿ ಒಮ್ಮತಕ್ಕೆ ಬರ್ಲಿಲ್ಲ. 1964ರಲ್ಲಿ ಮೂವರು ಹಕ್ಕು ಹೋರಾಟಗಾರರು ಕೊಲೆಯಾದ ಕೇಸಲ್ಲಿ ಅವನಿಗೆ ಕೇಂದ್ರದ ಕೋರ್ಟು 10 ವರ್ಷ ಹಾಕಿತ್ತು, 6 ವರ್ಷಕ್ಕೆ ಹೊರಗೆ ಬಂದ. ಲಾರೆಲ್ ಅನ್ನೋ ತನ್ನೂರಿಗೆ ವಾಪಸ್ ಹೋಗಿ ಆರಾಮಾಗಿದ್ದ. ಎಲ್ಲಿ ಡೇಮರ್ ಇದ್ದ ಜಾಗದಿಂದ ಅದೇನು ದೂರ ಅಲ್ಲ.

(5/7)
ಹಳೇ ಕೇಸು ತಾನಾಗೇ ಎದ್ದು ಕೂರಲ್ಲ, ಯಾರಾದ್ರೂ ಎಬ್ಬಿಸ್ಬೇಕು.

1989ರಲ್ಲಿ ಜೆರಿ ಮಿಚೆಲ್ ಅನ್ನೋ ವರದಿಗಾರರಿಗೆ ಒಂದಿಷ್ಟು ಗುಪ್ತ ಕಡತ ಸಿಕ್ತು. ಅವರ ಪತ್ರಿಕೆ ಹೆಸರು ಕ್ಲಾರಿಯನ್-ಲೆಡ್ಜರ್ (ಹೆಸರಲ್ಲೇ ಲೆಡ್ಜರ್ ಇದೆ ನೋಡಿ, ನಮ್ಮ ಪಾರ್ಟಿ). ಮಿಸಿಸಿಪ್ಪಿ ಸರ್ಕಾರ 1956ರಲ್ಲಿ ಒಂದು ಆಯೋಗ ಮಾಡಿತ್ತು, ಹಕ್ಕು ಕೇಳೋ ಜನರ ಮೇಲೆ ಬೇಹುಗಾರಿಕೆ ಮಾಡೋಕೆ. ಜನರ ತೆರಿಗೆ ದುಡ್ಡಲ್ಲೇ ನಡೀತಿತ್ತು. ಹೋರಾಟಗಾರ ಮೆಡ್ಗರ್ ಎವರ್ಸ್ 1963ರಲ್ಲಿ ಕೊಲೆಯಾದಾಗ, ಆರೋಪಿಯ ಪರ ವಕೀಲರಿಗೆ ಜ್ಯೂರಿ ಸದಸ್ಯರ ಹಿನ್ನೆಲೆ ಹುಡುಕಿ ಕೊಟ್ಟಿದ್ದು ಇದೇ ಆಯೋಗ ಅಂತ ಆ ಕಡತದಲ್ಲಿತ್ತು. ಒಂದು ಕಡೆ ಸರ್ಕಾರವೇ ಕೇಸು ನಡೆಸ್ತಿದೆ, ಇನ್ನೊಂದು ಕಡೆ ಸರ್ಕಾರವೇ ಆರೋಪಿಗೆ ಕೈ ಜೋಡಿಸ್ತಿದೆ. ಆ ಕೇಸು ಮತ್ತೆ ತೆರೀತು, 1994ರಲ್ಲಿ ಬೈರನ್ ಡಿ ಲಾ ಬೆಕ್‌ವಿತ್‌ಗೆ ಶಿಕ್ಷೆ ಆಯ್ತು.

ಅವರಿಗೆ ಆಗೋದಾದ್ರೆ ನಮಗ್ಯಾಕೆ ಆಗಲ್ಲ ಅಂತ ಎಲ್ಲಿ ಡೇಮರ್ ಮತ್ತು ಮಕ್ಕಳು ಪಟ್ಟು ಹಿಡಿದ್ರು. ಅಷ್ಟರಲ್ಲಿ ಮಿಚೆಲ್‌ಗೆ ಇನ್ನೊಂದು ಸಂಗತಿ ಸಿಕ್ತು. ಪಿಸ್ತೂಲು ಬೀಳಿಸಿದ ಪಿಟ್ಸ್‌ಗೆ ರಾಜ್ಯದ ಕೋರ್ಟು ಜೀವಾವಧಿ ಕೊಟ್ಟಿತ್ತಲ್ಲ, ಅದರಲ್ಲಿ ಅವನು ಒಂದು ದಿನವೂ ಅನುಭವಿಸಿರ್ಲಿಲ್ಲ! ತೀರ್ಪು ಕಾಗದದಲ್ಲಿದೆ, ಮನುಷ್ಯ ಹೊರಗಿದ್ದಾನೆ. 30 ವರ್ಷ ಯಾರೂ ತಾಳೆ ನೋಡಿರ್ಲಿಲ್ಲ. ಸುದ್ದಿ ಅಚ್ಚಾದ ಮೇಲೆ ಪಿಟ್ಸ್ ಶರಣಾಗಿ ಮತ್ತೆ ಸಾಕ್ಷಿಗೆ ಒಪ್ಪಿದ. ಹುಡುಗನಾಗಿದ್ದಾಗ ಬವರ್ಸ್ ಹತ್ರ ಕೆಲಸ ಮಾಡ್ತಿದ್ದ ಒಬ್ಬನೂ ಮುಂದೆ ಬಂದ. ಆಜ್ಞೆ ಕೊಟ್ಟಿದ್ದನ್ನ ಅವನು ಕಿವಿಯಾರೆ ಕೇಳಿದ್ದ.

1998ರ ಆಗಸ್ಟ್ 21. ಬವರ್ಸ್‌ಗೆ 73 ವರ್ಷ. ಜ್ಯೂರಿ ಕೆಲವೇ ಗಂಟೆಗಳಲ್ಲಿ ತಪ್ಪಿತಸ್ಥ ಅಂತು. ಜೀವಾವಧಿ. 2006ರಲ್ಲಿ ಜೈಲಲ್ಲೇ ಸತ್ತ.

(6/7)
ಇದನ್ನೆಲ್ಲ ಮನೇಲಿ ಅಜ್ಜಿಗೆ ಹೇಳಿದೆ. ಅಜ್ಜಿ ಅವರೆಕಾಯಿ ಸುಲಿತಾ ಕೇಳ್ತಿದ್ರು. ಸತ್ತೋರು ಎದ್ದು ಬರ್ತಾರಾ, ಮುದುಕನ್ನ ಜೈಲಿಗೆ ಹಾಕಿ ಏನು ಬಂತು ಅಂತ ಅಪ್ಪ ಅಂದ್ರು. ಅಜ್ಜಿ ಸುಮ್ನಿದ್ರು. ಆಮೇಲೆ ಒಂದೇ ಮಾತು ಕೇಳಿದ್ರು: "ಅಷ್ಟ್ ವರ್ಷ ಕಾಯಕ್ಕೆ ಆಯಮ್ಮನ ಜೊತೆ ಯಾರಿದ್ರು ಮಗಾ?"

ಅಜ್ಜಿ ಯಾಕೆ ಹಾಗೆ ಕೇಳಿದ್ರು ಅಂತ ಮನೇಲಿ ಎಲ್ಲರಿಗೂ ಗೊತ್ತು. ಅವರ ತಮ್ಮ ಬಾಕಿ ಕೂಲಿ ಕೇಳ್ಕೊಂಡು ಬರ್ತೀನಿ ಅಂತ ಹೋದವರು ಮೂರು ದಿನ ಆದ್ಮೇಲೆ ಕೆರೇಲಿ ಸಿಕ್ಕಿದ್ರು. ಕಾಲು ಜಾರಿ ಬಿದ್ದಿದ್ದು ಅಂತ ಬರ್ಕೊಂಡ್ರು, ಅಲ್ಲಿಗೆ ಮುಗೀತು. "ಅದೇ ಕೆರೇಲಿ ಈಜು ಕಲ್ತೋನು ಅವನು" ಅಂತ ಅಜ್ಜಿ ಈಗ್ಲೂ ಹೇಳ್ತಾರೆ. ಅದು ಕೊಲೆ ಅಂತ ನಾನು ಇಲ್ಲಿ ಹೇಳ್ತಿಲ್ಲ. ಯಾರೂ ಕೇಳ್ಲಿಲ್ಲ ಅನ್ನೋದಷ್ಟೇ ನನಗೆ ಗೊತ್ತಿರೋದು. ಕೇಳೋ ಧೈರ್ಯ ಆಗ ಮನೇಲಿ ಯಾರಿಗೂ ಇರ್ಲಿಲ್ಲ, ಕೂಲಿಗೆ ಮತ್ತೆ ಅದೇ ಬಾಗಿಲಿಗೆ ಹೋಗ್ಬೇಕಿತ್ತಲ್ಲ. ಡೇಮರ್‌ಗೆ ಸ್ವಂತ ಜಮೀನು ಇತ್ತು ಅಂತ ಮೊದಲ ಪೋಸ್ಟಲ್ಲಿ ಯಾಕೆ ಹೇಳಿದೆ ಅಂತ ಈಗ ಗೊತ್ತಾಯ್ತಲ್ಲ.

ಬಿಸಿನೆಸ್ ಲಾ ಪೇಪರಲ್ಲಿ ನಮಗೆ ಕಾಲಮಿತಿ ಕಾಯ್ದೆ ಇದೆ. ಕೊಟ್ಟ ಸಾಲಕ್ಕೆ 3 ವರ್ಷದೊಳಗೆ ದಾವೆ ಹಾಕ್ಬೇಕು, ಆಮೇಲೆ ಕೋರ್ಟು ಕೇಳಲ್ಲ. ವ್ಯಾಪಾರಕ್ಕೆ ಅದು ಸರಿ, ಹಳೇ ಪುಸ್ತಕ ಎಲ್ಲಾದ್ರೂ ಒಂದು ಕಡೆ ಮುಚ್ಚಬೇಕು. ಕೊಲೆಗೆ ಆ ಮಿತಿ ಇಲ್ಲ. ಮಿಸಿಸಿಪ್ಪಿಯಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಈ ಖಾತೆಯನ್ನ ಯಾವತ್ತೂ ಮುಚ್ಚೋ ಹಾಗಿಲ್ಲ ಅಂತ ಕಾನೂನೇ ಹೇಳುತ್ತೆ. ಆದ್ರೆ ತೆರೆದಿರೋ ಖಾತೆಗೆ ಎಂಟ್ರಿ ಹಾಕೋರು ಬೇಕಲ್ವಾ?

(7/7)
ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕಿದೆ. ಎಲ್ಲಿ ಡೇಮರ್ ಜೊತೆ ಮಕ್ಕಳಿದ್ರು, ಒಬ್ಬ ವರದಿಗಾರರಿದ್ರು, ಕೊನೆಗೆ ಬಾಯಿ ಬಿಟ್ಟ ಇಬ್ಬರು ಹಳೇ ಪಾಪಿಗಳಿದ್ರು. ಇನ್ನೂ 12 ಜನ ಇದ್ರು. ಅದು 1998ರ ಜ್ಯೂರಿ.

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಮಿಸಿಸಿಪ್ಪಿಯಲ್ಲಿ ಜ್ಯೂರಿಗೆ ಜನರನ್ನ ಆರಿಸ್ತಿದ್ದದ್ದು ಮತದಾರರ ಪಟ್ಟಿಯಿಂದ. ಪಟ್ಟಿಯಲ್ಲಿ ಕಪ್ಪು ಜನ ಇಲ್ಲ ಅಂದ್ರೆ ಜ್ಯೂರಿಯಲ್ಲೂ ಇಲ್ಲ. 1964ರಲ್ಲಿ ಎವರ್ಸ್ ಕೇಸು ಕೇಳಿದ್ದು ಪೂರಾ ಬಿಳಿ ಗಂಡಸರ ಜ್ಯೂರಿ. 1968ರವರೆಗೆ ಆ ರಾಜ್ಯದ ಕೋರ್ಟುಗಳ ಜ್ಯೂರಿಯಲ್ಲಿ ಹೆಂಗಸರು ಕೂರೋ ಹಾಗೇ ಇರ್ಲಿಲ್ಲ. ಓಟು ತಪ್ಪಿಸಿದ್ರೆ ಅಧಿಕಾರ ತಪ್ಪಿಸಿದ ಹಾಗೆ ಅಷ್ಟೇ ಅಲ್ಲ, ನಾಳೆ ನಿಮ್ಮ ಮನೆ ಸುಟ್ಟರೆ ನ್ಯಾಯ ಹೇಳೋ ಕುರ್ಚಿಯನ್ನೂ ಕಿತ್ಕೊಂಡ ಹಾಗೆ.

ಬವರ್ಸ್‌ಗೆ ಶಿಕ್ಷೆ ಕೊಟ್ಟ ಜ್ಯೂರಿಯಲ್ಲಿ 6 ಜನ ಬಿಳಿಯರು, 5 ಜನ ಕಪ್ಪು ಜನ, ಒಬ್ಬರು ಏಷ್ಯಾ ಮೂಲದವರು. ಆ ಐದು ಹೆಸರು ಪಟ್ಟಿಗೆ ಬಂದಿದ್ದು ಹೇಗೆ? 2 ಡಾಲರ್ ರಸೀದಿಗೆ ಜೀವ ಕೊಟ್ಟ ಡೇಮರ್ ಥರದವರಿಂದ. ಅವರ ಕೊಲೆಗೆ ನ್ಯಾಯ ಸಿಗೋ ದಾರಿಯನ್ನ ಅವರೇ ಹಾಕಿ ಹೋಗಿದ್ರು, 32 ವರ್ಷ ಮೊದಲೇ.

ಎಲ್ಲಿ ಡೇಮರ್ 1990ರ ದಶಕದಲ್ಲಿ ಅದೇ ಕೌಂಟಿಯಲ್ಲಿ ಗೆದ್ದು ಚುನಾವಣಾ ಆಯುಕ್ತೆಯಾದ್ರು. ಮತದಾರರ ಪಟ್ಟಿ ನೋಡ್ಕೊಳ್ಳೋ ಕೆಲಸ. ಹತ್ತು ವರ್ಷಕ್ಕೂ ಹೆಚ್ಚು ಮಾಡಿದ್ರು. 2020ರಲ್ಲಿ ಕೋರ್ಟು ಕಟ್ಟಡದ ಮುಂದೆ ಡೇಮರ್ ಪ್ರತಿಮೆ ನಿಂತಿದೆ. ಓಟು ಹಾಕದವರು ಲೆಕ್ಕಕ್ಕಿಲ್ಲ ಅಂತ ಅವರು ಯಾವಾಗಲೂ ಹೇಳ್ತಿದ್ರು. ಕನ್ನಡದಲ್ಲಿ ಈ ಮಾತು ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ.

ಸತ್ತೋರು ಎದ್ದು ಬರಲ್ಲ, ಅಪ್ಪ ಹೇಳಿದ್ದು ನಿಜ. ಆದ್ರೆ ವರ್ಷಗಟ್ಟಲೆ ಕೊಂದವನು ಊರಲ್ಲಿ ತಲೆಯೆತ್ತಿ ಓಡಾಡ್ದ, ಕಳ್ಕೊಂಡವರು ತಲೆ ತಗ್ಗಿಸ್ಕೊಂಡು ಇರ್ಬೇಕಾಯ್ತು. ತೀರ್ಪು ಬಂದ ದಿನ ಅದು ತಿರುಗಿತು. ಬದುಕಿರೋರಿಗೆ ಅದು ಸಣ್ಣದಲ್ಲ.

ನಿಮ್ಮ ಮನೇಲೂ ಯಾರೂ ಕೇಳದೇ ಉಳಿದ ಒಂದು ವಿಷಯ ಇರಬಹುದು. ಪೊಲೀಸು, ಕೋರ್ಟು ಆಮೇಲೆ. ಮೊದಲು ಹಿರಿಯರ ಹತ್ರ ಕೂತು ಹೆಸರು, ವರ್ಷ, ಜಾಗ, ಯಾರು ಏನು ನೋಡಿದ್ರು ಅಂತ ಬರೆದಿಟ್ಕೊಳ್ಳಿ. ಮಿಚೆಲ್‌ಗೆ ಸಿಕ್ಕಿದ್ದೂ ಯಾರೋ ಯಾವಾಗಲೋ ಬರೆದಿಟ್ಟ ಕಾಗದಗಳೇ. ನಮ್ಮಜ್ಜಿ ಹೇಳಿದ್ದು ಇಲ್ಲಿವರೆಗೆ ನಾಲ್ಕು ಪುಟ ಆಗಿದೆ, ನಾಳೆ ಇನ್ನೊಂದಿಷ್ಟು ಹೇಳ್ತಾರಂತೆ.

ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ ಅಂತಾನೂ ಒಂದ್ಸಲ ನೋಡ್ಕೊಳ್ಳಿ. ಫ್ರೀ ಇದೆ.

#ವರ್ನನ್‌ಡೇಮರ್ #ಹಳೇಕೇಸು #ಓಟಿನಹಕ್ಕು #ಉದ್ದಕ್ಯಾಪ್ಶನ್ #ಕನ್ನಡ